ಈ ಗಿಡ ಎಷ್ಟಕ್ಕ ಹೋಗತೈತ್ರೀ?

ನಮ್ಮ ಮನೆಗೆ ಬಂದವರು ಬೆಲ್ ಒತ್ತುವ ಮೊದಲು ಒಮ್ಮೆ ತಲೆ ಎತ್ತುತ್ತಾರೆ. 'ಮಹಾಗನಿ ಹೌದಿಲ್ರೀ? ಎಷ್ಟಕ್ಕ ಹೋಗತೈತಿ ಈಗ?' ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ಅದೇ ಧಾಟಿ.

ನಾವು ಮುಳುಗಡೆಯವರು. ಹಳೇ ಬಾಗಲಕೋಟೆಯಿಂದ ನವನಗರಕ್ಕೆ 2002ರಲ್ಲಿ ಬಂದೆವು. ನಮ್ಮನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60, ಮುಂದೆ 524.256 ಮೀಟರ್ ಎಂದು ಚಹಾದಂಗಡಿಯಲ್ಲಿ ದಶಾಂಶ ಬಿಡದೆ ಹೇಳುವವರು ನಮ್ಮೂರಲ್ಲಿ ಮಾತ್ರ ಸಿಕ್ಕಾರು. ಬರುವಾಗ ಮನೆ ಬಿಚ್ಚಿ ಸಾಗವಾನಿ ಬಾಗಿಲು, ತೊಲೆ, ಎರಡು ಕಂಬ ಟ್ರ್ಯಾಕ್ಟರಿಗೆ ಹೇರಿದೆವು. ಹಿತ್ತಲ ಬೇವಿನ ಗಿಡವನ್ನೂ ಪರಿಹಾರದ ಲೆಕ್ಕಕ್ಕೆ ಹಿಡಿದಿದ್ದರು, ಅದರ ದುಡ್ಡೂ ಬಂತು. (ನಮ್ಮ ಕಡೆ ಎಷ್ಟು ಎತ್ತರ ಬೆಳೆದರೂ ಗಿಡವೇ. ಮರ ಅಂದರೆ ಜೋಳ ಕೇರುವುದು.) ಸೆಕ್ಟರಿನಲ್ಲಿ ನೇರ ರಸ್ತೆ, ಲೈಟಿನ ಕಂಬ, ಗರಸು, ದೂರದಲ್ಲೊಂದು ಜಾಲಿ. ಮೊದಲ ಬೇಸಿಗೆ ಅವ್ವ ಕುರ್ಚಿ ಎತ್ತಿಕೊಂಡು ಗೋಡೆಯ ನೆರಳಿನ ಬೆನ್ನು ಹತ್ತಿದಳು. ಮುಂಜಾನೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ. ನಡುಮಧ್ಯಾಹ್ನ ಕುರ್ಚಿಗೆ ಎಲ್ಲೂ ಜಾಗವಿಲ್ಲ.

ಅವಸರಕ್ಕೆ ಗುಲ್ಮೊಹರ್ ನೆಟ್ಟೆ. ಸರಸರ ಬೆಳೆಯಿತು, ಹೂವೂ ಬಿಟ್ಟಿತು. ಆರನೇ ವರ್ಷ ಮೇ ತಿಂಗಳ ಗಾಳಿಮಳೆಗೆ ದೊಡ್ಡ ಟೊಂಗೆ ಲಟಕ್ಕನೆ ಮುರಿದು ನನ್ನದೇ ಸ್ಕೂಟರಿನ ಮೇಲೆ ಬಿತ್ತು. ಆ ಜಾಗಕ್ಕೆ ನರ್ಸರಿಯವನು ಕೊಟ್ಟದ್ದು ಮಹಾಗನಿ. 'ಗಟ್ಟಿ ಕಟಗಿರೀ, ಗಾಳಿಗೆ ಜಗ್ಗಂಗಿಲ್ಲ. ಹದಿನೈದು ವರ್ಷ ಬಿಟ್ಟು ಕಡೀರಿ, ಮಗನ ಕಾಲೇಜು ಫೀ ಆಕ್ಕೈತಿ.' ನನಗೆ ಬೇಕಾಗಿದ್ದು ಅವ್ವನ ಕುರ್ಚಿಗೊಂದು ಜಾಗ. ಅದನ್ನು ಅವನಿಗೆ ಹೇಳಿದರೆ ನಕ್ಕಾನೆಂದು ಸುಮ್ಮನಾದೆ.

ಗಿಡದ ತವರು ವೆಸ್ಟ್ ಇಂಡೀಸ್, ಮಧ್ಯ ಅಮೆರಿಕ. ಯುರೋಪಿನ ಸಿರಿವಂತರ ಮೇಜು ಕಪಾಟುಗಳಾಗುತ್ತ ಆಗುತ್ತ ತವರಲ್ಲೇ ಬಡವಾಯಿತು. ಅಲ್ಲಿನ ದೊಡ್ಡೆಲೆ ಮಹಾಗನಿಯ ದಿಮ್ಮಿ ಗಡಿ ದಾಟಬೇಕಾದರೆ 2003ರಿಂದ ಪರವಾನಗಿ ಬೇಕು. ನಮ್ಮ ದೇಶಕ್ಕೆ 1795ರಲ್ಲೇ ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ ಬಂದಿತ್ತಂತೆ. ಇದೆಲ್ಲಕ್ಕಿಂತ ನನಗೆ ಹಿಡಿಸಿದ ಸಂಗತಿ, ಇದು ಬೇವಿನ ಕುಟುಂಬದ್ದು ಎಂಬುದು.

ನೆಟ್ಟ ಮೂರನೇ ವರ್ಷ ಸುಳಿಗೆ ಹುಳ ಬಿತ್ತು. ಒಳಗೆ ಕೊರೆದು ತುದಿ ಒಣಗಿಸಿ ಹೋಯಿತು. ಮಹಾಗನಿ ಬೆಳೆಯುವ ರೈತರಿಗೆ ಇದೇ ದೊಡ್ಡ ಕಾಟ. ನೆಟ್ಟಗೆ ಏರಬೇಕಾದ ಕಾಂಡ ಸುಳಿ ಹೋದಲ್ಲಿ ಕವಲೊಡೆಯುತ್ತದೆ, ಉದ್ದನೆಯ ಹಲಗೆ ಸಿಗುವುದಿಲ್ಲ. ನಮ್ಮದು ಎದೆಮಟ್ಟದಲ್ಲೇ ಮೂರಾಗಿ ಒಡೆದು ಕೊಡೆಯ ಹಾಗೆ ಹರಡಿಕೊಂಡಿತು. ಹುಳಕ್ಕೆ ಒಳಗೊಳಗೇ ಕೈ ಮುಗಿದೆ.

ದೋಷವಿಲ್ಲವೆಂದಲ್ಲ. ಶಿವರಾತ್ರಿ ಕಳೆದು ಬಿಸಿಲು ಚುರುಗುಡುವಾಗಲೇ ಎಲೆಯೆಲ್ಲ ಉದುರಿಸಿ ಬೋಳಾಗುತ್ತದೆ. ಬಾಜು ಮನೆಯವರ ಕಸಬರಿಗೆಯ ಸದ್ದಿನಲ್ಲಿ ಸಿಟ್ಟು ಕೇಳುತ್ತದೆ. ಎರಡು ವಾರಕ್ಕೆ ತಾಮ್ರದ ಬಣ್ಣದ ಚಿಗುರು. ತಂತಿಗೆ ತಾಗುತ್ತದೆಂದು ಕರೆಂಟಿನವರು ಬಂದು ಒಂದು ಮಗ್ಗುಲನ್ನು ಕ್ಷೌರ ಮಾಡಿ ಹೋಗುತ್ತಾರೆ, ಅದು ವರ್ಷದ ಶಾಸ್ತ್ರ.

ಕಾಯಿ ಬಿಟ್ಟದ್ದು ಹದಿಮೂರನೇ ವರ್ಷ. ಮುಷ್ಟಿಗಿಂತ ದೊಡ್ಡದು, ಕಂದು, ಜೋತು ಬೀಳದೆ ದೇಟಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಒಣಗಿದಾಗ ಬುಡದಿಂದ ಬಿರಿದು ದಪ್ಪ ಕಟ್ಟಿಗೆಯಂಥ ಐದು ಸಿಪ್ಪೆ ಕಾರಿನ ಟಾಪಿನ ಮೇಲೆ ಟಪಟಪ ಬೀಳುತ್ತವೆ. ಒಳಗೆ ಒತ್ತೊತ್ತಾಗಿ ಜೋಡಿಸಿಟ್ಟ ಬೀಜ, ಒಂದೊಂದಕ್ಕೂ ಒಂದು ಉದ್ದ ರೆಕ್ಕೆ. ಗಾಳಿ ಬಂದರೆ ಗಿರಗಿರ ತಿರುಗುತ್ತ ಇಳಿಯುತ್ತವೆ, ಓಣಿಯ ಹುಡುಗರು ನೆಲ ಮುಟ್ಟುವ ಮೊದಲೇ ಹಿಡಿಯುತ್ತಾರೆ. ಅವ್ವ ಒಂದನ್ನು ಸುಲಿದು ಕಡಿದಳು, ಥೂ ಎಂದು ಉಗುಳಿದಳು. 'ಖರೇನ. ನಮ್ಮ ಬೇವಿನ ಪೈಕಿನ ಐತಿ.'

ಹೋದ ಮಳೆಗಾಲಕ್ಕೆ ಸಾಗವಾನಿ ಬಾಗಿಲು ಉಬ್ಬಿ ಕೂತಿತು. ಬಡಿಗ ಬಂದವನು ಬಾಗಿಲು ಕಳಚಿ ಮಹಾಗನಿಯ ಕೆಳಗೆ ಮಲಗಿಸಿ ಕೀಸುಳಿ ಹೊಡೆದ. ನಡುನಡುವೆ ಅವನ ಕಣ್ಣು ಮೇಲೆ. ಕೊನೆಗೆ ಎದ್ದು ಕಾಂಡವನ್ನು ತಬ್ಬಿ ಅಳೆದ, ಕವಲಿಗೆ ಕೈಯಿಟ್ಟು ಲೊಚಗುಟ್ಟಿದ.

'ಹಾಳಾತ್ರೀ ಸರ. ಇಲ್ಲೇ ಒಡದೈತಿ, ಹಲಗಿ ಬರಂಗಿಲ್ಲ. ಉರುವಲಕ್ಕಷ್ಟ.'

ಬಾಗಿಲು ಕೂಡಿಸಿ, ಬುತ್ತಿ ಉಂಡು, ಅದರ ಬುಡದಲ್ಲೇ ಪೇಪರ್ ಹಾಸಿಕೊಂಡು ಮಲಗಿದವನು ನಾಲ್ಕು ಗಂಟೆಯವರೆಗೆ ಏಳಲಿಲ್ಲ.