ಕಿಲೋಮೀಟರ್ ಒಂದನ್ನೇ ನೋಡಬೇಡಿ

ಹಳೆಯ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟರೂ ಇರುವಂಥದ್ದು) ಕೊಳ್ಳುವಾಗ ಕಡಿಮೆ ಓಡಿದ್ದನ್ನೇ ಆರಿಸಿ ಅಂತ ಲೇಖನದಲ್ಲಿ ಹೇಳಿದ್ದೀರಿ. ಪೂರ್ತಿ ಒಪ್ಪಲಾರೆ. ತಿಂಗಳುಗಟ್ಟಲೆ ಸುಮ್ನೆ ನಿಂತ ಕಾರಿನ ಬ್ಯಾಟರಿ ದಿನಾ ಓಡುವ ಕಾರಿನದಕ್ಕಿಂತ ಜಾಸ್ತಿ ಹಾಳಾಗಿರಬಹುದು, ಮೀಟರ್ ಅದನ್ನು ತೋರಿಸುವುದಿಲ್ಲ ಅಲ್ವಾ?

ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್ ತಗೊಳ್ಳಿ. ಅದರ ಬ್ಯಾಟರಿಯಲ್ಲಿ 7.2 ವೋಲ್ಟಿನ 28 ಚಿಕ್ಕ ಬ್ಯಾಟರಿ ಮಾಡ್ಯೂಲ್‌ಗಳು ಸಾಲಾಗಿ ಜೋಡಿಸಿರುತ್ತವೆ, ಒಂದು ಕೈಕೊಟ್ಟರೂ ಇಡೀ ಪ್ಯಾಕ್‌ಗೆ ತೊಂದರೆ. ಅದಕ್ಕೇ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ಒಳಗಿನ ಮಾಹಿತಿ ಓದುವ ಸಾಧನ) ಹಾಕಿಸಿ, ಗಾಡಿ ಓಡಿಸುತ್ತಾ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಲ್ಲದರ ವೋಲ್ಟೇಜ್ ಒಂದೇ ಸಮ ಇಳಿಯುತ್ತದಾ, ಇಲ್ಲಾ ಯಾವುದಾದರೂ ಒಂದು ಮಾತ್ರ ಕುಸಿಯುತ್ತದಾ ಅಂತ ನೋಡಲೇಬೇಕು. ನಿಂತ ಗಾಡಿಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಹಿಂದಿನ ಸೀಟಿನ ಪಕ್ಕ ಒಂದು ಗಾಳಿಕಿಂಡಿ ಇರುತ್ತದೆ. ಬ್ಯಾಟರಿ ತಂಪು ಮಾಡುವ ಫ್ಯಾನ್ ಗಾಳಿ ಎಳೆಯುವುದು ಅಲ್ಲಿಂದಲೇ. ಟಾರ್ಚ್ ಹಾಕಿ ಇಣುಕಿ. ಧೂಳು, ನಾಯಿಯ ಕೂದಲು ಮೆತ್ತಿಕೊಂಡಿದ್ದರೆ ಬ್ಯಾಟರಿ ಬಿಸಿಯಲ್ಲೇ ಬೆಂದಿರುತ್ತದೆ ಅಂದುಕೊಳ್ಳಿ.

ಬ್ರೇಕ್ ಪ್ಯಾಡ್ ಸವೆದಿಲ್ಲ ಅಂತ ಮಾರುವವರು ಹೇಳಿದರೆ ಖುಷಿಪಡಬೇಡಿ. ಮೋಟರೇ ವೇಗ ತಗ್ಗಿಸುವುದರಿಂದ ಪ್ಯಾಡ್ ಸವೆಯುವುದು ಹೇಗೂ ಕಡಿಮೆ, ಬಳಕೆ ಇಲ್ಲದೆ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ತುಕ್ಕು ಹಿಡಿದಿದೆಯಾ ನೋಡಿ.

ಕಾರು ನೋಡಲು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ, ಬಿಸಿಯಾದ ಮೇಲೆ ಕೆಲವು ಹುಳುಕು ಗೊತ್ತಾಗುವುದಿಲ್ಲ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.