ಟಿವಿಗೂ ಒಬ್ಬ ಅತ್ತೆ ಬೇಕಲ್ವಾ

ಟರ್ಕಿಯ ಟಿವಿಗೆ ಒಬ್ಬ ಅತ್ತೆ ಇದ್ದಾಳೆ. ಹೆಸರು ಆರ್‌ಟ್ಯೂಕ್. 9 ಸದಸ್ಯರ ಪ್ರಸಾರ ಮಂಡಳಿ; ಪಾರ್ಲಿಮೆಂಟಿನಲ್ಲಿ ಯಾರ ಬಲ ಎಷ್ಟೋ ಅವರಿಗೆ ಅಷ್ಟು ಕುರ್ಚಿ. ಸೊಸೆ ಎಲ್ಲಿ ಎಡವುತ್ತಾಳೆ ಅಂತ ಅಡುಗೆಮನೆ ಬಾಗಿಲಲ್ಲೇ ನಿಂತಿರುತ್ತಾಳೆ. ಮನೆಯ ಯಜಮಾನರೂ ಏನು ಕಡಿಮೆಯಲ್ಲ. ಧಾರಾವಾಹಿಯೊಂದರಲ್ಲಿ ಹಳೇ ಕಾಲದ ಒಟ್ಟೋಮನ್ ದೊರೆ ಸುಲ್ತಾನ್ ಸುಲೇಮಾನ್ ಅಂತಃಪುರದಲ್ಲೇ ಜಾಸ್ತಿ ಕಾಣಿಸಿಕೊಂಡ ಅಂತ 2012ರಲ್ಲಿ ಆಗಿನ ಪ್ರಧಾನಿ ಎರ್ಡೊಗಾನ್ ಸಿಡುಕಿದ್ದರು. ಆತ 30 ವರ್ಷ ಕುದುರೆ ಮೇಲೆ ಕಳೆದವನಂತೆ. ಹಾಗಾದರೆ ಅಷ್ಟೊಂದು ಮಕ್ಕಳು ಹೇಗಾದವು ಅಂತ ಕೇಳಬಾರದು. ಇತಿಹಾಸ ಅಂದ ಮೇಲೆ ಸ್ವಲ್ಪ ಭಕ್ತಿ ಬೇಕು.

'ಕಿಝಿಲ್ಜಿಕ್ ಶೆರ್ಬೆತಿ' ಅನ್ನುವ ಟರ್ಕಿ ಧಾರಾವಾಹಿ ನೋಡಿದವರಿಗೆ ಕಥೆ ಗೊತ್ತು. ಇತ್ತ ಆಧುನಿಕಳಾದ ಕಿವಿಲ್ಜಿಮ್. ಅತ್ತ ತಲೆಗೆ ವಸ್ತ್ರ ಕಟ್ಟುವ, ದುಡ್ಡಿರುವ, ಸಂಪ್ರದಾಯಸ್ಥ ಪೆಂಬೆಯ ಮನೆ. ಇವಳ ಮಗಳು ಬಸುರಿಯಾಗಿ ಅವಳ ಮನೆ ಸೇರುತ್ತಾಳೆ. ಇಬ್ಬರ ಜಗಳದಲ್ಲಿ ದೇವರಿಗೆ ಸಿಗುವ ಪಾತ್ರ ಸಣ್ಣದು. ಹುಡುಗಿ ಯಾರ ಮಾತು ಕೇಳಬೇಕು ಅನ್ನುವುದೇ ಎಲ್ಲ. ಅದರಲ್ಲಿ ಕಿವಿಲ್ಜಿಮ್, ಪೆಂಬೆಗಿಂತ ಒಂದು ಕೈ ಮೇಲೆ. ಸಾಲದ್ದಕ್ಕೆ ಈಯಮ್ಮನೇ ಬೀಗರ ತಮ್ಮನ ಪ್ರೀತಿಗೆ ಬೀಳುತ್ತಾಳೆ!

ನಮ್ಮ ಸೀರಿಯಲ್‌ಗಳಲ್ಲಿ ಇಷ್ಟು ತಲೆನೋವಿಲ್ಲ. ತೋಳಿಲ್ಲದ ರವಿಕೆ ಕಂಡರೆ ವಿಲನ್, ಮುಡಿಯಲ್ಲಿ ಮಲ್ಲಿಗೆ ಕಂಡರೆ ನಾಯಕಿ. ಅನುಮಾನ ಬಂದರೆ ದೇವರ ಮನೆ ದೀಪ ತಾನೇ ಆರಿ ತಿಳಿಸುತ್ತದೆ. ನಾಯಕಿ ಬೆಳಗಿನ ಜಾವಕ್ಕೂ ರೇಷ್ಮೆ ಸೀರೆಯಲ್ಲೇ ಏಳುತ್ತಾಳೆ, ಒಂದು ನಿರಿಗೆಯೂ ಕೆಟ್ಟಿರುವುದಿಲ್ಲ. ಟರ್ಕಿಯಲ್ಲಿ ಪಾಪ, ಸಿಗರೇಟು ಹಚ್ಚಿದರೆ ಅದನ್ನು ಮಸುಕು ಮಾಡಬೇಕು. ಬೆರಳ ತುದಿಯಲ್ಲಿ ಒಂದು ಮೋಡ ಹಿಡಿದುಕೊಂಡು ಸೇದುತ್ತಿರುತ್ತಾರೆ. ಆರೋಗ್ಯಕ್ಕೆ ಒಳ್ಳೆಯದೇ ಬಿಡಿ.

2023ರ ಕೊನೆಗೆ 'ಕಿಝಿಲ್ ಗೊಂಜಾಲರ್' ಅನ್ನುವ ಇನ್ನೊಂದು ಧಾರಾವಾಹಿ ಬಂತು. ಅದರಲ್ಲೊಂದು ಧಾರ್ಮಿಕ ಪಂಥ, ಪೂರ್ತಿ ಕಾಲ್ಪನಿಕ. ಅದರಿಂದ ಸಮಾಜದ ಮೌಲ್ಯಕ್ಕೆ ಧಕ್ಕೆಯಾಯಿತು ಅಂತ ದಂಡ, ಜೊತೆಗೆ ಎರಡು ವಾರ ರಜೆ. ಇಲ್ಲದ ಪಂಥದ ಮೇಲೂ ಎಷ್ಟು ಕಾಳಜಿ!

ಆದರೆ ಅತ್ತೆಯ ನಿಜವಾದ ಕರುಣೆ ಕಂಡದ್ದು ಅದೇ ವರ್ಷದ ಮೊದಲಲ್ಲಿ. 'ಶೆರ್ಬೆತಿ'ಯಲ್ಲಿ ನುರ್ಸೆಮಾ ಅನ್ನುವ ಹುಡುಗಿಗೆ ಇಷ್ಟವಿಲ್ಲದ ಮದುವೆ. ಮೊದಲ ರಾತ್ರಿಯೇ ಗಂಡ ಅವಳನ್ನು ಕಿಟಕಿಯಿಂದ ಕೆಳಗೆ ತಳ್ಳುತ್ತಾನೆ. ಮಂಡಳಿ ಕೆರಳಿತು. ಹೆಣ್ಣಿನ ಮೇಲಿನ ಹಿಂಸೆಯನ್ನು ಹೀಗೆ ತೋರಿಸುವುದೇ? 5 ಕಂತು ನಿಲ್ಲಿಸಿ, ದಂಡ ಕಟ್ಟಿ!

ಸಂತೋಷ. ಹಾಗಾದರೆ 2021ರಲ್ಲಿ ಏನಾಗಿತ್ತು? ಹೆಣ್ಣಿನ ಮೇಲಿನ ಹಿಂಸೆ ತಡೆಯುವ ಒಪ್ಪಂದ, ಇಸ್ತಾಂಬುಲ್‌ನಲ್ಲೇ ಸಹಿಗೆ ಇಟ್ಟದ್ದು, ಎಲ್ಲರಿಗಿಂತ ಮೊದಲು ಟರ್ಕಿಯೇ ಅನುಮೋದಿಸಿದ್ದು. ಅದರಿಂದ, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಎರ್ಡೊಗಾನ್‌ರ ಒಂದು ಆದೇಶದಲ್ಲಿ ದೇಶ ಹೊರಬಂತು. ಅಂದರೆ ಟಿವಿಯಲ್ಲಿ ತಳ್ಳಿದರೆ ತಪ್ಪು. ಮನೆಯಲ್ಲಿ ತಳ್ಳಿದರೆ ಅದು ಕುಟುಂಬದ ವಿಷಯ. ಬರೆಯುತ್ತಾ ತಮಾಷೆಯೂ ಒಣಗಿಹೋಗುತ್ತದೆ ರೀ.

ಗಂಡ, ಅಣ್ಣ, ಅಪ್ಪನ ಕೈಯಲ್ಲಿ ಕೊಲೆಯಾದ ಹೆಂಗಸರ ಲೆಕ್ಕ ಬರೆದಿಡುವ ಸಂಘಟನೆಯೊಂದು ಅಲ್ಲಿದೆ. ಅದು ಕಾನೂನು, ನೀತಿ ಎರಡಕ್ಕೂ ವಿರುದ್ಧ, ಮುಚ್ಚಿಸಿ ಅಂತ 2022ರಲ್ಲಿ ಸರ್ಕಾರಿ ವಕೀಲರು ಕೇಸು ಹಾಕಿದರು. ಕೋರ್ಟು ಅದನ್ನು ವಜಾ ಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯತನಕ ಆ ಸಂಘಟನೆಯ ಹೆಂಗಸರು ಲೆಕ್ಕ ಬರೆಯುತ್ತಲೇ, ಕಟಕಟೆಗೂ ಹೋಗಿ ಬರುತ್ತಿದ್ದರು.