ಒಬ್ಬರೇ ಕೂಡಿ ನಡೆಸುವ ಶಾಲೆ

ಎಲ್ಲರೂ ಕೂಡಿ ನಿರ್ಧಾರ ತೆಗೆದುಕೊಳ್ಳಬೇಕು ಅಂತ ಯಾರನ್ನೂ ಕೇಳದೆ ನಿರ್ಧಾರವಾಗಿದೆ. ಆದೇಶ ವಾಟ್ಸಾಪ್ ಗ್ರೂಪಿಗೆ ರಾತ್ರಿ ಊಟದ ಹೊತ್ತಿಗೆ ಬಂತು. ಮರುದಿನ ಬೆಳಿಗ್ಗೆ ಹತ್ತಕ್ಕೆ ತಾಲ್ಲೂಕಿನ ಶಿಕ್ಷಕರ ತರಬೇತಿ ಕೇಂದ್ರ, ಬಿಆರ್‌ಸಿಯಲ್ಲಿ ಇರಬೇಕು. ವಿಷಯ: ಗ್ರಾಮೀಣ ಶಾಲೆಗಳ ಮುಖ್ಯ ಶಿಕ್ಷಕರಿಗೆ ಸಹಯೋಗಿ ನಾಯಕತ್ವ ತರಬೇತಿ. ಕೊನೆಯ ಸಾಲು ಎಂದಿನದೇ. ಗೈರು ಹಾಜರಾದವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು. ಗ್ರೂಪಿನಲ್ಲಿದ್ದವರೆಲ್ಲ ಸಾಲಾಗಿ ಕೈ ಮುಗಿಯುವ ಚಿತ್ರ ಹಾಕಿದರು. ಸಹಯೋಗ ಆಗಲೇ ಶುರುವಾಯಿತು ಅನ್ನಿ.

ಇದನ್ನು ಯಾರೂ ಸುಮ್ನೆ ಹುಟ್ಟಿಸಿದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿ ಬೆಳವಣಿಗೆಗೆ ಕೊಡಬೇಕು ಅಂತ. ಅದೂ ಅವರವರ ಆಸಕ್ತಿಗೆ ತಕ್ಕಂತೆ. ಬರೆದವರು ದೊಡ್ಡ ಮನಸ್ಸಿನವರು. ಆದರೆ ದಿಲ್ಲಿಯಿಂದ ಯಾದಗಿರಿ ಮುಟ್ಟುವಷ್ಟರಲ್ಲಿ ಆ ಆಸಕ್ತಿ 'ಕೆಳಕಂಡ ಶಿಕ್ಷಕರು ಕಡ್ಡಾಯವಾಗಿ' ಆಗಿರುತ್ತದೆ. ಯಾರಿಗೆ ಯಾವ ದಿನ ಯಾವುದರಲ್ಲಿ ಆಸಕ್ತಿ ಹುಟ್ಟಬೇಕು ಅನ್ನುವ ಪಟ್ಟಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ತಯಾರಿರುತ್ತದೆ. ಆ ನೀತಿಯೇ ಬೇಡ ಅಂತ ನಮ್ಮ ರಾಜ್ಯ 2023ರಲ್ಲಿ ಬೇರೆ ಆಯೋಗ ಮಾಡಿದ್ದೂ ಆಯಿತು. ನೀತಿ ಬಗ್ಗೆ ಸರಕಾರಗಳು ಎಷ್ಟು ಬೇಕಾದರೂ ಜಗಳಾಡಲಿ, ತರಬೇತಿ ಬಗ್ಗೆ ಮಾತ್ರ ಎಲ್ಲರೂ ಒಂದೇ.

ತಿಂಗಳು ಮಾರ್ಚ್. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ಈಗೇಕೆ ತರಬೇತಿ ಅಂತ ಕೇಳುವವರಿಗೆ ಲೆಕ್ಕಪತ್ರ ಗೊತ್ತಿಲ್ಲ. ಅನುದಾನ 31ನೇ ತಾರೀಕಿನೊಳಗೆ ಖರ್ಚಾಗಬೇಕು. ಜ್ಞಾನ ಏಪ್ರಿಲ್‌ನಲ್ಲೂ ಬರಬಹುದು, ದುಡ್ಡು ಬರುವುದಿಲ್ಲ.

ಸರಿ, ಭೀಮಾ ದಂಡೆಯ ಹಳ್ಳಿಯೊಂದರ ಮಾಸ್ತರು ಟಂಟಂ ಆಟೋ ಹತ್ತಿ ಬಂದರು. ಬಂದವರೇ ಬ್ಯಾನರ್ ಮುಂದೆ ನಿಂತರು. ಜಿಪಿಎಸ್ ಫೋಟೋ ಆಗದ ಹೊರತು ತರಬೇತಿ ನಡೆದಂತೆ ಅಲ್ಲ. ಆಮೇಲೆ ಚಪ್ಪಾಳೆ ಆಟ. ಒಂದು ಬೆರಳಿಂದ ಶುರು ಮಾಡಿ ಐದೂ ಬೆರಳು ಬಡಿದರೆ ಮಳೆ ಸುರಿದ ಸದ್ದು ಬರುತ್ತದೆ. ಕರೆಂಟ್ ಹೋದ ಕೋಣೆಯಲ್ಲಿ, ಐವತ್ತು ದಾಟಿದ ಮಾಸ್ತರುಗಳು, ಯಾದಗಿರಿಯ ಮಾರ್ಚ್ ಬಿಸಿಲಲ್ಲಿ ಕೂತು ಮಳೆ ತರಿಸಿದರು. ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳು ಪಾಪ, ಅವರೂ ಇನ್ನೊಂದು ಹಳ್ಳಿಯ ಮಾಸ್ತರೇ. ಅವರ ಮಕ್ಕಳೂ ಅಲ್ಲಿ ಅವರ ದಾರಿ ಕಾಯುತ್ತಿದ್ದರು. ರಾಜ್ಯ ಮಟ್ಟದಲ್ಲಿ ದಿನಗಟ್ಟಲೆ ಹೇಳಿದ್ದನ್ನು ಜಿಲ್ಲೆಯವರು ಕೇಳಿ, ಜಿಲ್ಲೆಯವರು ಹೇಳಿದ್ದನ್ನು ಇವರು ಕೇಳಿ, ಕೊನೆಗೆ ತಾಲ್ಲೂಕಿಗೆ ಮುಟ್ಟಿಸಲು ಇವರ ಬಳಿ ಉಳಿದದ್ದು ಒಂದು ಪೆನ್‌ಡ್ರೈವ್. ಕರೆಂಟ್ ಇಲ್ಲದ್ದರಿಂದ ಅದೂ ಜೇಬಿನಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ನಿಜವಾದ ಕೆಲಸ ಶುರು. ಎಲ್ಲರಿಗೂ ಡ್ರಾಯಿಂಗ್ ಶೀಟ್, ಸ್ಕೆಚ್ ಪೆನ್. ನಿಮ್ಮ ಶಾಲಾ ತಂಡದ ಸದಸ್ಯರು ಯಾರು, ಅವರ ಶಕ್ತಿ ಏನು, ಬರೆಯಿರಿ.

ನಮ್ಮ ಮಾಸ್ತರು ಬರೆದರು. ಪ್ರಭಾರಿ ಮುಖ್ಯ ಶಿಕ್ಷಕ, ನಾನು. ಸಹ ಶಿಕ್ಷಕ, ನಾನು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕಾರ್ಯದರ್ಶಿ, ನಾನು. ಬಿಸಿಯೂಟದ ಲೆಕ್ಕ, ನಾನು. ಊರಿನ ಮತದಾರರ ಪಟ್ಟಿ ನೋಡುವ ಬಿಎಲ್‌ಒ, ಅದೂ ನಾನು. ಶಕ್ತಿ ಅನ್ನುವ ಕಾಲಂ ಖಾಲಿ ಬಿಟ್ಟರು.

"ಸರ್, ಉಳಿದ ಸದಸ್ಯರು?" ಅಂದರು ಸಂಪನ್ಮೂಲ ವ್ಯಕ್ತಿಗಳು.

"ಎರಡು ಹುದ್ದೆ ಖಾಲಿ ಅವರಿ. ಖಾಲಿ ಹುದ್ದೇನೂ ತಂಡದಾಗ ಹಿಡೀಬೇಕೇನ್ರಿ?"

"ಇರ್ಲಿ, ಇರ್ಲಿ. ತಂಡದಾಗ ಭಿನ್ನಾಭಿಪ್ರಾಯ ಬಂದ್ರ ಏನ್ ಮಾಡ್ತೀರಿ?"

"ದಿನಾ ಬರ್ತಾವ್ರಿ ಸರ್. ಸಹ ಶಿಕ್ಷಕ ಪಾಠ ಮಾಡ್ತೀನಿ ಅಂತಾನ. ಮುಖ್ಯ ಶಿಕ್ಷಕ ಮೊದ್ಲು ಮೊಟ್ಟಿ ಲೆಕ್ಕ ಬರಿ ಅಂತಾನ."

"ಆಮೇಲೆ?"

"ಏನ್ರಿ ಸರ್, ಯಾವತ್ತಿದ್ರೂ ಮುಖ್ಯ ಶಿಕ್ಷಕನೇ ಗೆಲ್ತಾನ."

ಕೋಣೆ ತುಂಬ ನಗು. ಯಾರೂ ಆಶ್ಚರ್ಯಪಡಲಿಲ್ಲ, ಯಾಕೆಂದರೆ ಅರ್ಧ ಜನರ ಶೀಟಿನಲ್ಲಿ ಒಂದೇ ಹೆಸರು ನಾಲ್ಕೈದು ಸಲ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳ ತನಕ ಇದ್ದರೂ ಇಬ್ಬರು ಶಿಕ್ಷಕರು ಇರಲೇಬೇಕು. ಅದೇ ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. 2025ರ ಅಕ್ಟೋಬರಿನಲ್ಲಿ ಜಾತಿ ಸಮೀಕ್ಷೆಗಾಗಿ ದಸರಾ ರಜೆಯನ್ನು 18ರ ತನಕ ಎಳೆದು, ಮಾಸ್ತರುಗಳನ್ನು ಮನೆ ಮನೆ ಸುತ್ತಿಸಿದರಲ್ಲ, ಅದು ಈ ಮೂರರಲ್ಲಿ ಯಾವುದು ಅಂತ ನಾನು ಕೇಳುವುದಿಲ್ಲ. ವಿಪತ್ತು ಅಂತ ಹಿಡಿದರೆ ಸರಿಹೋಗಬಹುದು.

ಮುಂದಿನ ಚಟುವಟಿಕೆ ಸಮುದಾಯದ ಜೊತೆ ಕೈಜೋಡಿಸುವುದು. ಎಸ್‌ಡಿಎಂಸಿ ಅಧ್ಯಕ್ಷರ ಜೊತೆ ಕೂತು ಶಾಲೆಯ ಕನಸು ಕಾಣಬೇಕು. ಮಾಸ್ತರು ಅಲ್ಲೇ ಫೋನ್ ಮಾಡಿದರು. ಅಧ್ಯಕ್ಷರು ದೀಪಾವಳಿ ಮುಗಿಸಿ ಪುಣೆಗೆ ದುಡಿಯಲು ಹೋದವರು, ಕಟ್ಟಡದ ಆರನೇ ಮಹಡಿಯಲ್ಲಿದ್ದರು. "ಸಹಿ ಬೇಕಾಗಿತ್ತೇನ್ರಿ ಸರ್? ನೀವೇ ಹಾಕಿಬಿಡ್ರಿ, ನಾ ಬ್ಯಾಡ ಅಂತೀನೇನು" ಅಂದರು. ಇಷ್ಟು ನಂಬಿಕೆ ಯಾವ ದೇಶದ ಶಾಲೆಯಲ್ಲಿದೆ ಹೇಳಿ. ಸಂಪನ್ಮೂಲ ವ್ಯಕ್ತಿಗಳು ಫಿನ್ಲೆಂಡ್ ಅಂದರು. ಅಲ್ಲಿ ಸಹಿ ಅವರವರೇ ಹಾಕುತ್ತಾರೆ ಅನ್ನಿಸುತ್ತದೆ.

ಇತ್ತ ಶಾಲೆಯಲ್ಲಿ ಏನಾಗುತ್ತಿತ್ತು? ನಾಯಕ ನಾಯಕತ್ವ ಕಲಿಯಲು ಹೋಗಿದ್ದಾನೆ, ಹಾಗಾಗಿ ಬಿಸಿಯೂಟದ ಅಕ್ಕ ಶಾಲೆ ನಡೆಸುತ್ತಿದ್ದಳು. ಐದೂ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂಡಿಸಿದಳು. ಐದನೇ ತರಗತಿಯ ಹುಡುಗಿ ಕೈಗೆ ಚಾಕ್ ಕೊಟ್ಟು ಮಗ್ಗಿ ಬರೆಸಿದಳು. ದೊಡ್ಡವರಿಂದ ನೀರು ತರಿಸಿದಳು, ಸಣ್ಣವರಿಂದ ಮೊಟ್ಟೆ ಎಣಿಕೆ ಮಾಡಿಸಿದಳು. ಒಂದು ಕಡಿಮೆ ಬಂತು ಅಂತ ಮತ್ತೆ ಎಣಿಸಿದಳು. ಕೆಲಸ ಹಂಚಿದ್ದು, ಮಕ್ಕಳನ್ನೇ ಜೊತೆಗೆ ಹಾಕಿಕೊಂಡು ನಡೆಸಿದ್ದು, ಇದೆಲ್ಲ ತರಬೇತಿಯ ಕೈಪಿಡಿಯಲ್ಲಿ ಎರಡನೇ ದಿನದ ಪಾಠ. ಅವಳನ್ನು ಯಾರೂ ತರಬೇತಿಗೆ ಕರೆಯುವುದಿಲ್ಲ. ಕರೆದರೆ ಅಡುಗೆ ಯಾರು ಮಾಡಬೇಕು?

ತರಬೇತಿ ಯಾಕೆ ಇಷ್ಟು ಜಾಸ್ತಿ ಅಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. 2024ರಲ್ಲಿ ರಾಜ್ಯದ ಕೊನೆಯ ಸ್ಥಾನ ಯಾದಗಿರಿಯದು, ಶೇಕಡಾ 50.59. 2025ರಲ್ಲಿ ಆ ಜವಾಬ್ದಾರಿಯನ್ನು ಕಲಬುರಗಿ ವಹಿಸಿಕೊಂಡಿತು, ಶೇಕಡಾ 42.43. ಅಕ್ಕಪಕ್ಕದ ಜಿಲ್ಲೆಗಳು ಹೀಗೆ ಭಾರ ಹಂಚಿಕೊಳ್ಳುವುದನ್ನು ನೋಡಿದ ಮೇಲೂ ಇಲ್ಲಿ ಸಹಯೋಗ ಇಲ್ಲ ಅನ್ನುವುದು ಅನ್ಯಾಯ. ಫಲಿತಾಂಶ ಬಂದಾಗಲೆಲ್ಲ ಸಭೆ. ಸಭೆಯಲ್ಲಿ ಖಾಲಿ ಹುದ್ದೆಯ ಮಾತೂ ಬರುತ್ತದೆ, ನಾಯಕತ್ವದ ಮಾತೂ ಬರುತ್ತದೆ. ಹುದ್ದೆ ತುಂಬಲು ಹಣಕಾಸು ಇಲಾಖೆ ಒಪ್ಪಬೇಕು. ನಾಯಕತ್ವ ತುಂಬಲು ಒಂದು ಬ್ಯಾನರ್ ಸಾಕು.

ಆನ್‌ಲೈನ್ ತರಬೇತಿಯ ಕಥೆ ಬೇರೆ. ಕೇಂದ್ರದ ಶಿಕ್ಷಕರ ತರಬೇತಿ 'ನಿಷ್ಠಾ' 2019ರ ಆಗಸ್ಟ್‌ನಲ್ಲಿ ಶುರುವಾಗಿ, ಕೊರೊನಾ ಬಂದ ಮೇಲೆ 2020ರ ಅಕ್ಟೋಬರಿನಿಂದ ದೀಕ್ಷಾ ಆ್ಯಪ್‌ಗೆ ಬಂತು. ಟೀಚರ್‌ಗಳು ಫೋನನ್ನು ಒಲೆ ಪಕ್ಕದ ಡಬ್ಬಿಗೆ ಆನಿಸಿ, ವಿಡಿಯೋ ಓಡಿಸಿ, ರೊಟ್ಟಿ ಬಡಿದರು. ಕೊನೆಯಲ್ಲಿ ಪ್ರಶ್ನೆಗಳು. ಉತ್ತರ ಬೆಳಿಗ್ಗೆಯಷ್ಟರಲ್ಲಿ ಗ್ರೂಪಿಗೆ ಬಂದಿರುತ್ತಿತ್ತು, ಒಂದು ಬಿ, ಎರಡು ಡಿ ಅಂತ. ಗುರುಮಠಕಲ್‌ನವರು ಹುಣಸಗಿಯವರಿಗೆ, ಹುಣಸಗಿಯವರು ಸುರಪುರದವರಿಗೆ. ಯಾರ ಆದೇಶವೂ ಇಲ್ಲದೆ, ಭತ್ಯೆ ಇಲ್ಲದೆ, ಇಡೀ ಜಿಲ್ಲೆ ಒಟ್ಟಾಗಿ ಕೆಲಸ ಮಾಡಿದ್ದು ಅದೊಂದೇ ಸಲ ಇರಬೇಕು.

ಸಂಜೆ ಆಯಿತು. ಚಹಾ ಬಂತು. ಈ ಚಹಾದ ಹೊತ್ತಿನಲ್ಲೇ ಒಬ್ಬ ಟೀಚರ್, ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡ ಒತ್ತಕ್ಷರ ಹೇಗೆ ಕಲಿಸಿದೆ ಅಂತ ಹೇಳುತ್ತಿದ್ದರು. ನಾಲ್ಕು ಜನ ಸುತ್ತ ನಿಂತು ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಳಗಿಂದ ಕೂಗಿದರು, ಬರ್ರಿ ಬರ್ರಿ, ಸುಮ್ನೆ ಹರಟೆ ಹೊಡೀಬ್ಯಾಡ್ರಿ, ಹಿಮ್ಮಾಹಿತಿ ತುಂಬೂದದ.

ಹಿಮ್ಮಾಹಿತಿ, ಅಂದರೆ ತರಬೇತಿ ಹೇಗಿತ್ತು ಅನ್ನುವ ಅಭಿಪ್ರಾಯ, ಫೋನಿನಲ್ಲಿ. 'ನಿಮ್ಮ ಸಲಹೆ' ಅನ್ನುವ ಜಾಗದಲ್ಲಿ ನಮ್ಮ ಮಾಸ್ತರು 'ಒಬ್ಬ ಶಿಕ್ಷಕರನ್ನು ಕೊಡಿ' ಅಂತ ಬರೆಯಲು ನೋಡಿದರು. ಅಕ್ಷರ ಮೂಡಲಿಲ್ಲ. ಅಲ್ಲಿ ಬರೆಯುವ ಹಾಗಿಲ್ಲ, ಎರಡರಲ್ಲಿ ಒಂದನ್ನು ಒತ್ತಬೇಕು. ಉತ್ತಮ, ಇಲ್ಲವೇ ಅತ್ಯುತ್ತಮ. ಮಾಸ್ತರು ಉತ್ತಮ ಒತ್ತಲು ಬೆರಳು ತಂದರು.

"ಅತ್ಯುತ್ತಮ ಒತ್ರಿ ಸರ್" ಅಂದರು ಸಂಪನ್ಮೂಲ ವ್ಯಕ್ತಿಗಳು. "ಬರೀ ಉತ್ತಮ ಬಂದ್ರ ಮತ್ತೊಂದು ತರಬೇತಿ ಇಡ್ತಾರ."